ಮಾಲ್ಡಿನಿ, ಮೂರನೇ ಗೊಂಬೆ: ಪಟ್ಟಿ ಕೂತಿತು, ಅಂಗಿ ತಪ್ಪಿತು

ಇಟಲಿಯ ಫುಟ್‌ಬಾಲ್ ಆಟಗಾರ ಪಾವೊಲೊ ಮಾಲ್ಡಿನಿಯ ಪುಟ್ಟ ಗೊಂಬೆಗಳಿಗೆ ಬಣ್ಣ ಬಳಿಯುತ್ತಿದ್ದೇನೆ, ಇದು ಮೂರನೆಯದು. ಮೂರು ವಾರ ಒದ್ದಾಡಿದ ಮೇಲೆ ಅವನ ಕ್ಲಬ್ ಮಿಲಾನ್‌ನ ಅಂಗಿಯ ಕೆಂಪು-ಕಪ್ಪು ಪಟ್ಟಿಗಳು ಮೊನ್ನೆ ರಾತ್ರಿ ಸರಿಯಾಗಿ ಕೂತವು. ಅದೇ ರಾತ್ರಿ ಇನ್ನೊಂದೂ ಗೊತ್ತಾಯಿತು: ಈ ಗೊಂಬೆಗೆ ಪಟ್ಟಿ ಬೇಕಾಗಿಯೇ ಇರಲಿಲ್ಲ.

ಪ್ರೈಮರ್ (ಅಡಿಬಣ್ಣ), ಮುಖ, ಕೂದಲಿನ ಕಥೆ ಬಿಡಿ, ಅದೆಲ್ಲ ಹಿಂದಿನ ಎರಡರಂತೆಯೇ. ಎರಡನೆಯದು 1994ರ ವಿಶ್ವಕಪ್‌ನ ಇಟಲಿ ಮಾಲ್ಡಿನಿ, 5ನೇ ನಂಬರು. ಬರೀ ನೀಲಿ ಅಂಗಿ, ಒಂದೇ ಸಂಜೆಯ ಕೆಲಸ. ದೇಶಕ್ಕಾಗಿ 126 ಪಂದ್ಯ ಆಡಿ 2002ರಲ್ಲಿ ನಿವೃತ್ತಿ. ಇಟಲಿಗೆ ಮತ್ತೆ ವಿಶ್ವಕಪ್ ಬಂದದ್ದು 2006ರಲ್ಲಿ. ಆ ಗೊಂಬೆಯ ಕೈ ಖಾಲಿ. ಮೂರನೆಯದಕ್ಕಾದರೂ ಕಪ್ ಇರಲಿ ಎಂದು ಈ ಕಿಟ್ (ಜೋಡಿಸಿ ಬಣ್ಣ ಬಳಿಯುವ ಗೊಂಬೆಯ ಪೆಟ್ಟಿಗೆ) ತರಿಸಿದ್ದು.

75 ಮಿ.ಮೀ. ರೆಸಿನ್ (ಪ್ಲಾಸ್ಟಿಕ್‌ನಂಥದ್ದು) ಗೊಂಬೆ, ಕಪ್ ಹಿಡಿದ ಎರಡೂ ಕೈ ತಲೆಯ ಮೇಲೆ. ಕೈ ಎತ್ತಿದಾಗ ಅಂಗಿ ಪಕ್ಕೆಯಲ್ಲಿ ಮುದುಡುತ್ತದಲ್ಲ, ಅಲ್ಲಿ ನೇರ ಗೆರೆ ಎಳೆದರೆ ಮಾಲ್ಡಿನಿ ಜೈಲು ಕಂಬಿಯ ಹಿಂದೆ ನಿಂತ ಹಾಗೆ. ಮಾಸ್ಕಿಂಗ್ ಟೇಪ್ ಹಾಕಿದೆ, ಮಡಿಕೆಯ ಸಂದಿಯಲ್ಲಿ ಬಣ್ಣ ನುಗ್ಗಿತು. ಕಪ್ಪಿನ ಮೇಲೆ ಕೆಂಪು ಬಳಿದೆ, ನಾಲ್ಕು ಕೋಟ್ ಆದರೂ ಇಟ್ಟಿಗೆ ಬಣ್ಣ. ಮುಚ್ಚಳದ ಮೇಲಿರುವ ಕೆಂಪೇ ಡಬ್ಬಿಯೊಳಗೂ ಇರಬೇಕೆಂದು ಬಣ್ಣ ಕಳಿಸಿದವರಿಗೆ ಯಾರೂ ಹೇಳಿಲ್ಲವೇನೋ. ಡೆಕಾಲ್‌ನದ್ದು (ಅಂಗಿಗೆ ಅಂಟಿಸುವ ನಂಬರಿನ ಚೀಟಿ) ಇನ್ನೊಂದು ಗೋಳು: ಮಿಲಾನ್‌ನಲ್ಲಿ ಅವನ ನಂಬರು 3, ಅದನ್ನು ಕೇಳಿದರೆ ಹಾಳೆ ತುಂಬ 8. ಎಡಬದಿ ಕೊಯ್ದು 3 ಮಾಡಿಕೊಂಡೆ.

ಕೊನೆಗೆ ಕೈ ಹಿಡಿದದ್ದು ಹೊಲಿಗೆ ದಾರ. ಮೊದಲು ಇಡೀ ಅಂಗಿಗೆ ಕೆಂಪು. ಒದ್ದೆ ದಾರವನ್ನು ಕಾಲರ್‌ನಿಂದ ಅಂಗಿಯ ಅಂಚಿನವರೆಗೆ ಇಳಿಬಿಟ್ಟು ಬ್ರಶ್ಶಿನ ಹಿಂತುದಿಯಿಂದ ಮೆಲ್ಲಗೆ ಒತ್ತಿದರೆ, ಮಡಿಕೆ ಹೋದ ಕಡೆಗೇ ದಾರವೂ ಹೋಗಿ ಕೂರುತ್ತದೆ. ಅದರ ಪಕ್ಕದಲ್ಲಿ ಪೆನ್ಸಿಲ್ ಚುಕ್ಕಿ, ಆಮೇಲೆ ಚುಕ್ಕಿ ಸೇರಿಸಿ ಕಪ್ಪು. ಕಪ್ಪಿಗೆ ಒಂದೇ ಕೋಟ್ ಸಾಕು, ಅಂಚು ಜಾರಿದಲ್ಲಿ ಕೆಂಪಿನಿಂದ ತಿದ್ದಿದರಾಯಿತು. ಎಡ ಪಕ್ಕೆಯಲ್ಲಿ ಒಂದು ಪಟ್ಟಿ ಮಡಿಕೆಯೊಳಗೆ ಮುಳುಗಿ ಆಚೆ ಏಳುತ್ತದೆ ನೋಡಿ, ಅದನ್ನು ಕಂಡು ಕುರ್ಚಿ ಬಿಟ್ಟು ಕುಣಿದೆ.

ಕುಣಿದು ಮುಗಿಸಿ, ‘ಮ್ಯಾಂಚೆಸ್ಟರ್, 28 ಮೇ 2003’ ಎಂಬ ಫಲಕವನ್ನು ಪೀಠಕ್ಕೆ ಅಂಟಿಸಿ, ನಾಯಕನ ತೋಳಪಟ್ಟಿ ಹೇಗಿತ್ತೆಂದು ನೋಡಲು ಅಂದಿನ ಫೋಟೊ ತೆರೆದೆ. ಅಂಗಿ ಬಿಳಿ. ಚಡ್ಡಿ ಬಿಳಿ. ಕಾಲುಚೀಲವೂ ಬಿಳಿ. ಯುವೆಂಟಸ್ ಜತೆ ಗೋಲಿಲ್ಲದೆ ಮುಗಿದು ಪೆನಾಲ್ಟಿಯಲ್ಲಿ ಗೆದ್ದ, ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಆ ಫೈನಲ್ ಎಷ್ಟು ಸಲ ನೋಡಿಲ್ಲ ನಾನು! ಅದೊಂದೇ ಅಲ್ಲ, 1989, 1990, 1994, 2007, ಮಾಲ್ಡಿನಿ ಗೆದ್ದ ಉಳಿದ ನಾಲ್ಕು ಫೈನಲ್‌ಗಳಲ್ಲೂ ಮಿಲಾನ್ ತೊಟ್ಟದ್ದು ಬಿಳಿಯೇ. ಕಿಟ್ ಪೆಟ್ಟಿಗೆಯ ಮೇಲೆ ಪಟ್ಟಿ ಅಂಗಿ ಬರೆದ ಪುಣ್ಯಾತ್ಮನನ್ನೂ ಅದನ್ನು ನಂಬಿದ ನನ್ನನ್ನೂ ಒಟ್ಟಿಗೆ ಬೈದುಕೊಂಡೆ.

ಆಲ್ಕೋಹಾಲ್‌ನಲ್ಲಿ ಅದ್ದಿದರೆ ಬಣ್ಣ ಬಿಡುತ್ತದೆ, ಗೊತ್ತು. ಆ ಎಡ ಪಕ್ಕೆ ನೋಡಿ ಮನಸ್ಸು ಬರಲಿಲ್ಲ. ಅಂಗಿ ಉಳಿಸಿ ಕಪ್ ಕೊಯ್ದೆ.

ಕೊಯ್ದ ಕಪ್ಪನ್ನು ಮುಂದಿನ ಗೊಂಬೆಗೆ ಕೊಡೋಣವೆಂದರೆ ಅಲ್ಲೂ ತೊಡಕು. ಮುಂದಿನದು ಅಪ್ಪ ಚೆಸಾರೆ ಮಾಲ್ಡಿನಿ, 1963ರ ವೆಂಬ್ಲಿ. ಮಗನಿಗಿಂತ 40 ವರ್ಷ ಮೊದಲು ಇದೇ ಟೂರ್ನಿಯ ಕಪ್ ಎತ್ತಿದ ನಾಯಕ. ಆದರೆ ಈಗಿನ ದೊಡ್ಡ ಕಿವಿಯ ಕಪ್ ಬಂದದ್ದೇ 1967ರಲ್ಲಿ. ಅಪ್ಪನ ಕಪ್ಪನ್ನು ನಾನೇ ಪುಟ್ಟಿಯಲ್ಲಿ (ಕಲಸಿ ರೂಪ ಕೊಡುವ ಹಿಟ್ಟಿನಂಥದ್ದು) ತಿದ್ದಬೇಕು. ಅಂಗಿ ಮಾತ್ರ ಬಿಳಿ, ಈ ಸಲ ಮೊದಲೇ ನೋಡಿಕೊಂಡಿದ್ದೇನೆ.

ಪಟ್ಟಿಯವನಿಗೆ ಹೊಸ ಫಲಕ: ಸ್ಯಾನ್ ಸಿರೊ, 24 ಮೇ 2009. ಒಂದೇ ಕ್ಲಬ್‌ಗೆ 902 ಪಂದ್ಯ ಆಡಿದವನ ಕೊನೆಯ ತವರು ಪಂದ್ಯ. ರೋಮಾ ಎದುರು 2-3 ಸೋಲು. ಸಾಲದ್ದಕ್ಕೆ ಮಿಲಾನ್ ಅಭಿಮಾನಿಗಳದ್ದೇ ಒಂದು ಗುಂಪು ಹಂಗಿಸುವ ಬ್ಯಾನರ್ ಹಿಡಿದು, ಹಳೆಯ ನಾಯಕ ಬರೇಸಿಯ ಹೆಸರು ಕೂಗಿತು. ಎತ್ತಿದ ಕೈಗಳನ್ನು ಬೀಳ್ಕೊಡುವ ಕೈಗಳಾಗಿಸುವ ಲೆಕ್ಕ ನನ್ನದು. ಕಪ್ ಹಿಡಿದಿದ್ದ ಬೆರಳುಗಳು ಮಾತ್ರ ಇನ್ನೂ ಮಡಚಿಕೊಂಡೇ ಇವೆ, ಜಗಳಕ್ಕೆ ನಿಂತವನ ಹಾಗೆ. ಆ ದಿನಕ್ಕೆ ಅದೂ ಒಪ್ಪುತ್ತದೇನೋ. ಎರಡು ದಿನ ಹಾಗೇ ಇಟ್ಟು ನೋಡಿ ಆಮೇಲೆ ಪುಟ್ಟಿ ಕಲಸುತ್ತೇನೆ.