ಆ ಹಸಿರು ಜೆರ್ಸಿ

ಇವತ್ತು ಬೀರು ಜೋಡಿಸುವಾಗ ರಫ್‌ರೈಡರ್ಸ್ ಜೆರ್ಸಿ ಕೈಗೆ ಸಿಕ್ಕಿತು. ಅದು ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ, ಕೆನಡಿಯನ್ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್ ಥರದ ಆಟ) ಆಡುವ ನಮ್ಮ ತಂಡ. ಕಾಲರ್ ಹತ್ತಿರ ಕಲ್ಲಂಗಡಿ ರಸದ ಕಲೆ ಇನ್ನೂ ಹಾಗೇ ಇದೆ. ಸಸ್ಕ್ಯಾಚೆವಾನ್‌ನ ಅಭಿಮಾನಿಗಳು ಕಲ್ಲಂಗಡಿ ಕೊರೆದು ಹೆಲ್ಮೆಟ್ ಥರ ತಲೆಗೆ ಹಾಕಿಕೊಳ್ಳುತ್ತಾರೆ. ರಸ ಕಿವಿ ಹಿಂದಿನಿಂದ ಇಳಿಯುತ್ತಲೇ ಇರುತ್ತದೆ.

2022ರ ಸೀಸನ್ ನೆನಪಾಯಿತು. ಆ ವರ್ಷ ಲೀಗ್‌ನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಗ್ರೇ ಕಪ್ ಫೈನಲ್ ನಮ್ಮೂರು ರಿಜೈನಾದಲ್ಲೇ, ಮೊಸಾಯಿಕ್ ಸ್ಟೇಡಿಯಂನಲ್ಲೇ ಇತ್ತು. ಮೊದಲ ಐದು ಪಂದ್ಯಗಳಲ್ಲಿ ನಾಲ್ಕು ಗೆದ್ದಾಗ, ಫೈನಲ್‌ನಲ್ಲಿ ನಮ್ಮವರೇ ಇರುತ್ತಾರೆ ಅಂತ ನಂಬಿಬಿಟ್ಟಿದ್ದೆ. ಆಮೇಲೆ ಕೊನೆಯ ಏಳೂ ಪಂದ್ಯ ಸೋತರು. 18ರಲ್ಲಿ ಬರೀ 6 ಗೆಲುವು. ಪ್ಲೇಆಫ್ ಕೂಡ ಇಲ್ಲ.

ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಕೋಡಿ ಫಜಾರ್ಡೊ ಮೊಣಕಾಲು ನೋವಲ್ಲೇ ಆಡಿದ್ದರು. ಜನ ಅವರನ್ನೇ ಬೈದರು. ಮುಂದೆ ನಿಂತು ಅವರನ್ನು ಕಾಪಾಡುವ ಆಟಗಾರರ ಸಾಲೇ ಕುಸಿದರೆ ಅವರು ಏನು ಮಾಡಬೇಕಿತ್ತು? ಮರುವರ್ಷ ಮಾಂಟ್ರಿಯಲ್‌ಗೆ ಹೋಗಿ ಗ್ರೇ ಕಪ್ ಗೆದ್ದರು. ನನಗೆ ನಿಜಕ್ಕೂ ಖುಷಿಯಾಯಿತು.

ನಮ್ಮೂರಿನ ಆ ಫೈನಲ್‌ನಲ್ಲಿ ಟೊರಾಂಟೊ ವಿನಿಪೆಗ್ ತಂಡವನ್ನು 24-23ರಿಂದ ಸೋಲಿಸಿತು. ಒಂದೇ ಪಾಯಿಂಟ್! ಎಂಥ ಪಂದ್ಯ! ಆದರೂ ನಮ್ಮ ಮನೆಯಲ್ಲಿ ಬೇರೆಯವರ ಹಬ್ಬ ನೋಡಿದ ಹಾಗಿತ್ತು.

ಜೆರ್ಸಿ ಒಳಗಿಡಲು ಮನಸ್ಸು ಬರಲಿಲ್ಲ. ಒಗೆಯದೆ ಬಾಗಿಲ ಹಿಂದೆ ನೇತುಹಾಕಿದ್ದೇನೆ.