ಅರ್ಧ ಬೆಟ್ಟ ಹತ್ತಿದ ಮೇಲೆ ವಾಪಸ್ ಬರಬೇಕೇ?

ಚಾರಣದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಕೇಳುವ ಪ್ರಶ್ನೆ ಇದು: "ದಾರಿ ಇಷ್ಟು ಕಡಿದಾಗಿದೆ ಎಂದು ಗೊತ್ತಿಲ್ಲದೆ ಹೊರಟಿದ್ದೇವೆ ಎಂದುಕೊಳ್ಳಿ. ನೀರು ಮುಗಿಯುತ್ತಾ ಬಂದಿದೆ, ಶೂ ಜಾರುತ್ತಿದೆ, ಟಾರ್ಚ್ ತಂದಿಲ್ಲ. ಆದರೆ ಮುಕ್ಕಾಲು ಪಾಲು ಹತ್ತಿಯಾಗಿದೆ, ತುದಿ ಕಣ್ಣೆದುರಿಗೇ ಇದೆ. ಆಗ ಏನು ಮಾಡಬೇಕು?"

ವಾಪಸ್ ಬರಬೇಕು. ತುದಿ ಕಾಣುತ್ತಿದ್ದರೂ ಬರಬೇಕು. ಇಷ್ಟು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಧೈರ್ಯ ತಂದುಕೊಂಡು ನಿಧಾನವಾಗಿ ಮುಂದೆ ಹೋಗಿ ಎಂಬ ಮಾತು ಅವರಿಗೆ ಬೇಕಾಗಿರುತ್ತದೆ. ಆ ಮಾತನ್ನು ನಾನು ಹೇಳಲಾರೆ.

ಮುಕ್ಕಾಲು ಪಾಲು ಮುಗಿದಿದೆ ಎನ್ನುವ ಲೆಕ್ಕವೇ ಸರಿಯಿಲ್ಲ. ತುದಿ ಮುಟ್ಟಿದಾಗ ಮುಗಿಯುವುದು ಅರ್ಧ ದಾರಿ, ಅದೂ ಸುಲಭದ ಅರ್ಧ. ಪುಡಿಗಲ್ಲು ತೆಳುವಾಗಿ ಹರಡಿರುವ ಒಂದು ಇಳಿಜಾರು ಬಂಡೆಯನ್ನೇ ತೆಗೆದುಕೊಳ್ಳೋಣ. ಹತ್ತುವಾಗ ಬಂಡೆ ಕಣ್ಣೆದುರಿಗೆ ಇರುತ್ತದೆ. ಶೂವಿನ ತುದಿಯನ್ನು ಒಂದು ಬಿರುಕಿಗೆ ಊರಿ, ಮೇಲಿನ ಅಂಚನ್ನು ಕೈಯಲ್ಲಿ ಹಿಡಿದು ಮೈಯನ್ನು ಎತ್ತಿಕೊಂಡರೆ ಆಯಿತು. ಇಳಿಯುವಾಗ ಅದೇ ಬಿರುಕು ಹೊಟ್ಟೆಯ ಕೆಳಗೆಲ್ಲೋ ಮರೆಯಾಗಿರುತ್ತದೆ. ಕಾಲು ಅದನ್ನು ಹುಡುಕುತ್ತಾ ಗಾಳಿಯಲ್ಲಿ ತಡವರಿಸುತ್ತದೆ. ಮುಖ ಹೊರಗೆ ಮಾಡಿ ಇಳಿಯುತ್ತಿದ್ದರೆ ಹಿಮ್ಮಡಿ ಪುಡಿಗಲ್ಲಿನ ಮೇಲೆ ಬಿದ್ದು ಕಲ್ಲು ಉರುಳುತ್ತದೆ, ಹೆದರಿಕೆಯಿಂದ ನಾವು ಹಿಂದಕ್ಕೆ ವಾಲುತ್ತೇವೆ. ವಾಲಿದೊಡನೆ ಪಾದದ ಮೇಲಿನ ಭಾರ ತಪ್ಪಿ ಶೂ ಇನ್ನಷ್ಟು ಜಾರುತ್ತದೆ. ಅಲ್ಲಿ ಬಂಡೆಗೆ ಮುಖ ಮಾಡಿ, ಎರಡು ಕೈ ಎರಡು ಕಾಲುಗಳಲ್ಲಿ ಮೂರು ಸದಾ ಬಂಡೆಗೆ ಅಂಟಿರುವಂತೆ, ಒಂದನ್ನಷ್ಟೇ ಸರಿಸುತ್ತಾ ಇಳಿಯಬೇಕು.

ದೇಹದ ಕಡೆಯಿಂದಲೂ ಇದೇ ಕಥೆ. ಹತ್ತುವಾಗ ಏದುಸಿರು ಬರುವುದರಿಂದ ಅದೇ ಕಷ್ಟ ಎನಿಸುತ್ತದೆ. ಇಳಿಯುವಾಗ ಉಸಿರು ಹಗುರ, ಆದರೆ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆಯುತ್ತಲೇ ಹಿಗ್ಗಬೇಕು. ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುವುದು ಈ ಬಗೆಯ ಕೆಲಸದಲ್ಲಿ. ಅಭ್ಯಾಸವಿಲ್ಲದ ಕಾಲು ಇಳಿಯುವಾಗ ಗಡಗಡ ನಡುಗುವುದು, ಮರುದಿನ ಮೆಟ್ಟಿಲಿಳಿಯಲೂ ಆಗದಂತೆ ನೋಯುವುದು ಇದರಿಂದಲೇ. ನಡುಗುವ ಕಾಲನ್ನು ಎಲ್ಲಿ ಊರಬೇಕೆಂದರೆ ಅಲ್ಲಿಯೇ ಊರಲು ಆಗುವುದಿಲ್ಲ. ಸಿದ್ಧತೆಯಿಲ್ಲದ ಚಾರಣಿಗ ತನ್ನ ಶಕ್ತಿಯನ್ನೆಲ್ಲ ತುದಿಗಾಗಿ ಖರ್ಚು ಮಾಡಿ, ಬರಿದಾದ ಕಾಲುಗಳಲ್ಲಿ ಈ ಇಳಿತಕ್ಕೆ ತೊಡಗುತ್ತಾನೆ.

ಇನ್ನು ಹೊತ್ತಿನ ಲೆಕ್ಕ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ನಡೆಯುವ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. 5 ಕಿಲೋಮೀಟರ್ ದಾರಿಯಲ್ಲಿ 1200 ಮೀಟರ್ ಏರುವುದಿದ್ದರೆ ಮೂರು ಗಂಟೆ. ಇದು ಗಟ್ಟಿಮುಟ್ಟಾದವರು ಎಲ್ಲೂ ಕೂರದೆ ನಡೆದರೆ ಹಿಡಿಯುವ ಹೊತ್ತು. "ಐದೇ ಕಿಲೋಮೀಟರ್, ಒಂದು ಗಂಟೆಯ ದಾರಿ" ಎಂದು ಮಧ್ಯಾಹ್ನ ಹೊರಟವರು ಕತ್ತಲಿಗೆ ಸಿಕ್ಕಿಕೊಳ್ಳುವುದು ಇಲ್ಲಿಯೇ. ಇಳಿಯುವಾಗ ಹೊತ್ತು ಉಳಿಯುತ್ತದೆ ಎಂಬ ಭರವಸೆಯೂ ಬೇಡ. ಕಡಿದಾದ ಇಳಿಜಾರಿನಲ್ಲಿ ಸಮತಟ್ಟಿನ ವೇಗವೂ ಸಿಗುವುದಿಲ್ಲ ಎಂದು ನಂತರದವರು ಆ ಸೂತ್ರಕ್ಕೆ ತಿದ್ದುಪಡಿ ಸೇರಿಸಿದ್ದಾರೆ.

ಆದ್ದರಿಂದ ಹಿಂದಿರುಗುವ ಗಂಟೆಯನ್ನು ತಪ್ಪಲಿನಲ್ಲಿಯೇ ಗೊತ್ತು ಮಾಡಿಕೊಳ್ಳಬೇಕು. ಮೇಲೆ ಹೋದ ಮೇಲೆ ತೀರ್ಮಾನಿಸಿದರಾಯಿತು ಎಂದರೆ ಆಗದು. ದಣಿದ ತಲೆ, ಎದುರಿಗೆ ತುದಿ, ಜೊತೆಗಾರರ ಉತ್ಸಾಹ ಎಲ್ಲವೂ ಒಂದೇ ಕಡೆಗೆ ಎಳೆಯುತ್ತಿರುತ್ತವೆ. 1996ರ ಮೇ 10ರಂದು ಎವರೆಸ್ಟಿನಲ್ಲಿ ಅನುಭವಿ ಮಾರ್ಗದರ್ಶಕರಿದ್ದ ತಂಡಗಳೇ ಮಧ್ಯಾಹ್ನ ಎರಡರ ಗಡಿಯನ್ನು ಮೀರಿ ಮೇಲೆ ಹೋಗುತ್ತಲೇ ಇದ್ದವು. ಇಳಿಯುವಾಗ ಬಿರುಗಾಳಿ ಮುತ್ತಿತು. ಆ ದಿನ ಮತ್ತು ಮರುದಿನ ಸೇರಿ ಎಂಟು ಜನ ಸತ್ತರು. ಅಷ್ಟು ಪಳಗಿದವರಿಗೇ ತುದಿಯ ಸೆಳೆತವನ್ನು ಕೊಡವಿಕೊಳ್ಳಲಾಗಲಿಲ್ಲ ಎಂದಾದರೆ, ಮೊದಲ ಸಲ ಬಂದವರು ತಮ್ಮ ವಿವೇಕವನ್ನು ನಂಬಿಕೊಂಡು ಹೊರಡುವುದು ನನಗೆ ಭಯ ಹುಟ್ಟಿಸುತ್ತದೆ.

ಕೆಲವರು ಸರಪಳಿ, ಕಂಬಿ ಇರುವ ದಾರಿಯನ್ನು ತೋರಿಸಿ, ಇಲ್ಲಿ ಹಿಡಿದುಕೊಳ್ಳಲು ಆಸರೆ ಇದೆಯಲ್ಲ ಎನ್ನುತ್ತಾರೆ. ಅಮೆರಿಕದ ಯೊಸೆಮಿಟಿಯಲ್ಲಿರುವ ಹಾಫ್ ಡೋಮ್ ಬಂಡೆಯ ಕೊನೆಯ ಸುಮಾರು 120 ಮೀಟರಿಗೆ 1919ರಿಂದ ಉಕ್ಕಿನ ಹಗ್ಗಗಳಿವೆ. ಆದರೂ ಅಲ್ಲಿ ಜನ ಜಾರಿ ಸತ್ತಿದ್ದಾರೆ. ಲಕ್ಷಾಂತರ ಪಾದಗಳು ಸವೆಸಿ ನುಣುಪಾದ ಕಲ್ಲು ಒದ್ದೆಯಾದರೆ ಹಿಡಿತ ಕೊಡುವುದಿಲ್ಲ. ಮಿಂಚು ಬಂದರೆ ಲೋಹದ ಹಗ್ಗವೇ ಅಪಾಯ. ಆಕಾಶದಲ್ಲಿ ಮೋಡ ಕಟ್ಟುತ್ತಿದ್ದರೆ ಅಂಥ ಆಸರೆಯ ಬುಡದಿಂದಲೇ ಹಿಂದಿರುಗಬೇಕು.

ವಾಪಸ್ ಬರುವುದೆಂದರೆ ಬಂದ ದಾರಿಯಲ್ಲೇ ಬರುವುದು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹಿಂದಿರುಗುವ ಒಳ್ಳೆಯ ತೀರ್ಮಾನ ಮಾಡಿದವರೂ ಇಲ್ಲಿ ಎಡವುತ್ತಾರೆ. ಕೆಳಗೆ ರಸ್ತೆ ಕಾಣುತ್ತದೆ, ಪಕ್ಕದಲ್ಲೊಂದು ತೊರೆ ಇಳಿಯುತ್ತಿರುತ್ತದೆ, ನೀರು ಹೇಗೂ ಕೆಳಗೇ ಹೋಗಬೇಕಲ್ಲ ಎನಿಸುತ್ತದೆ. ನೀರು ಕೆಳಗೆ ಹೋಗುತ್ತದೆ ನಿಜ, ಆದರೆ ಅದಕ್ಕೆ ಮೂವತ್ತು ಅಡಿ ಧುಮುಕಿದರೂ ನೋವಾಗುವುದಿಲ್ಲ. ಪಾಚಿಗಟ್ಟಿದ ಒಂದು ಸಣ್ಣ ಬಂಡೆಯನ್ನು ಜಾರಿಕೊಂಡು ಇಳಿಯುತ್ತೀರಿ. ಮುಂದೆ ಅದಕ್ಕಿಂತ ದೊಡ್ಡದು ಬರುತ್ತದೆ, ಅದರ ಕೆಳಗೆ ಪ್ರಪಾತ. ಜಾರಿ ಬಂದ ಬಂಡೆಯನ್ನು ಮತ್ತೆ ಹತ್ತಲು ಆಗುವುದಿಲ್ಲ. ಹತ್ತಲೂ ಇಳಿಯಲೂ ಆಗದೆ ಸಿಕ್ಕಿಹಾಕಿಕೊಳ್ಳುವುದು ಹೀಗೆ. ದಾರಿ ತಪ್ಪಿತೆನಿಸಿದರೆ ಗುರುತು ಕೊನೆಯದಾಗಿ ಕಂಡ ಜಾಗಕ್ಕೆ, ಬೇಸರವಾದರೂ ಮೇಲಕ್ಕೇ ಹತ್ತಿ ಹೋಗಬೇಕು.

ಅಷ್ಟರಲ್ಲಿ ಕತ್ತಲಾದರೆ? ಕಡಿದಾದ ದಾರಿಯಲ್ಲಿ ಬೆಳಕಿಲ್ಲದೆ ಇಳಿಯುವುದಕ್ಕಿಂತ ಗಾಳಿ ತಾಗದ ಜಾಗ ನೋಡಿಕೊಂಡು ಕುಳಿತುಬಿಡುವುದು ಮೇಲು. ಬೆವರಿನಿಂದ ನೆನೆದ ಹತ್ತಿ ಬಟ್ಟೆ ಮೈಯ ಶಾಖವನ್ನು ಹೀರುತ್ತದೆ, ಒಣ ಬಟ್ಟೆ ಒಂದಿದ್ದರೂ ಅದನ್ನು ಹಾಕಿಕೊಳ್ಳಬೇಕು. ಬರಿ ನೆಲದ ಮೇಲೆ ಕೂರದೆ ಚೀಲವನ್ನು ಅಡಿಗಿಟ್ಟುಕೊಂಡು ಒಬ್ಬರಿಗೊಬ್ಬರು ಒತ್ತಿ ಕೂರಬೇಕು. ಮೈ ಹೆಪ್ಪುಗಟ್ಟುವ ಚಳಿಯೇ ಬೇಕೆಂದಿಲ್ಲ, ಮಳೆಯೂ ಗಾಳಿಯೂ ಸೇರಿದರೆ 10 ಡಿಗ್ರಿಯಲ್ಲೇ ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿಯಬಹುದು. ಮಾತು ತೊದಲುವವರು, ಜಿಪ್ ಎಳೆಯಲು ಪರದಾಡುವವರು, "ನನ್ನನ್ನು ಬಿಟ್ಟು ಹೋಗಿ" ಎನ್ನುವವರು ಗುಂಪಿನಲ್ಲಿದ್ದರೆ ಅವರನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು.

ಮೊಬೈಲ್ ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಅದನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು, ಒಳಜೇಬಿನಲ್ಲಿ ಬೆಚ್ಚಗಿರಿಸಿ, ಕರೆ ಮಾಡುವಾಗ ಮಾತ್ರ ತೆರೆಯಬೇಕು. ಪರ್ವತಗಳಲ್ಲಿ ನೆರವು ಕೋರುವ ಸಂಕೇತವೆಂದರೆ ಒಂದು ನಿಮಿಷದಲ್ಲಿ ಆರು ಸಿಳ್ಳೆ ಅಥವಾ ಆರು ಸಲ ಬೆಳಕು, ಒಂದು ನಿಮಿಷ ಬಿಡುವು, ಮತ್ತೆ ಆರು. ಕೇಳಿಸಿತು ಎಂಬುದಕ್ಕೆ ಉತ್ತರ ನಿಮಿಷಕ್ಕೆ ಮೂರು. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೂ ಸಣ್ಣದೊಂದು ಸೀಟಿ ಊದಲು ಆಗುತ್ತದೆ, ಚೀಲದಲ್ಲಿ ಅದಕ್ಕೆ ಭಾರವೂ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ಸಿದ್ಧತೆಯಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕಾದರೆ ಯಾವುದು ಎಂದು ಕೇಳುವವರಿದ್ದಾರೆ. ಶೂ, ನೀರು, ಟಾರ್ಚ್ ಯಾವುದನ್ನೂ ಬಿಡಲು ನನಗೆ ಮನಸ್ಸಿಲ್ಲ. ಆದರೂ ಒಂದನ್ನೇ ಹೇಳಬೇಕೆಂದರೆ, ಯಾವ ದಾರಿಯಲ್ಲಿ ಹತ್ತುತ್ತೀರಿ, ಎಷ್ಟು ಗಂಟೆಗೆ ಕೆಳಗಿರುತ್ತೀರಿ, ಎಷ್ಟು ಹೊತ್ತಾದರೂ ಸುದ್ದಿ ಬಾರದಿದ್ದರೆ ನೆರವಿಗೆ ಕರೆ ಮಾಡಬೇಕು ಎಂಬುದನ್ನು ಮನೆಯಲ್ಲಿರುವ ಒಬ್ಬರಿಗೆ ಬರೆದು ಕೊಟ್ಟು ಹೊರಡಿ. ಕೆಳಗೆ ಬಂದ ಕೂಡಲೇ ಅವರಿಗೆ ಫೋನ್ ಮಾಡಿ. ಅದನ್ನು ಮರೆತರೆ, ನೀವು ಮನೆಯ ದಾರಿ ಹಿಡಿದ ಹೊತ್ತಿನಲ್ಲಿ ರಕ್ಷಣಾ ತಂಡವೊಂದು ನಿಮ್ಮನ್ನು ಹುಡುಕುತ್ತಾ ಅದೇ ಬಂಡೆಯನ್ನು ಕತ್ತಲಲ್ಲಿ ಹತ್ತುತ್ತಿರುತ್ತದೆ.