ಸರ್ಚ್ ಬಾಕ್ಸ್ ಎಲ್ಲಿ ಸಾಯ್ತದ

ಕಲಬುರಗಿ ಮಾರ್ಕೆಟ್‌ದಾಗಿನ ತೊಗರಿ ರೇಟು ತೋರ್ಸೋ ಆ್ಯಪ್ ಅಂತ ಇಟ್ಕೊಳ್ರಿ. ಬಾಕ್ಸ್‌ನ್ಯಾಗ 'ತೊಗರಿ' ಅಂತ ಹೊಡೆಯೋದ್ರಾಗ ನಾಲ್ಕೈದು ರಿಕ್ವೆಸ್ಟ್ ಸರ್ವರ್‌ಗೆ ಹೋಗಿರ್ತಾವ. ಆರ್‌ಎಕ್ಸ್‌ಜಾವಾದಾಗ (ಒಂದರ ಹಿಂದ ಒಂದು ಬರೋ ಡೇಟಾ ಸಂಭಾಳಿಸೋ ಜಾವಾ ಲೈಬ್ರರಿ) 300 ಮಿಲಿಸೆಕೆಂಡ್ ಡಿಬೌನ್ಸ್ ಹಾಕಿದ್ರ ಬೆರಳು ನಿಂತ ಮ್ಯಾಲೆ ಒಂದೇ ಹೋಗ್ತದ. ಮುಂದ ಫ್ಲಾಟ್‌ಮ್ಯಾಪ್ (ಎಲ್ಲಾ ರಿಕ್ವೆಸ್ಟ್ ಒಟ್ಟಿಗೆ ನಡೆಸೋದು) ಬ್ಯಾಡ, ಸ್ವಿಚ್‌ಮ್ಯಾಪ್ (ಹೊಸದು ಬಂದ್ರ ಹಳೇದು ರದ್ದು ಮಾಡೋದು) ಇರ್ಲಿ. ಇಲ್ಲಾಂದ್ರ 'ತೊ'ಗೆ ಬರಬೇಕಾದ ಉತ್ತರ ತಡ ಆಗಿ ಬಂದು 'ತೊಗರಿ' ಪಟ್ಟಿ ಅಳಿಸಿಬಿಡ್ತದ.

ಇಷ್ಟು ಎಲ್ಲಾರೂ ಮಾಡ್ತಾರ. ಎಡವೋದು ಎರರ್ ಹಿಡಿಯೋ ಜಾಗದಾಗ. ಎರರ್ ಬಂದ್ರ ಅದರ ಬದಲು ನಾವು ಹೇಳಿದ ಉತ್ತರ ಕೊಡೋ ಆನ್‌ಎರರ್‌ರಿಟರ್ನ್ ಸ್ವಿಚ್‌ಮ್ಯಾಪ್ ಒಳಗ, ಆ ಒಂದು ರಿಕ್ವೆಸ್ಟ್‌ಗೇ ಹಚ್ಚಬೇಕು. ಹೊರಗ ಹಚ್ಚಿದ್ರ, ಹುಮನಾಬಾದ್ ಬಸ್ಸಿನ್ಯಾಗ ಒಮ್ಮೆ ನೆಟ್‌ವರ್ಕ್ ಹೋದ್ರ ಸಾಕು, ಎರರ್ ಮೆಸೇಜ್ ತೋರ್ಸಿ ಇಡೀ ಸ್ಟ್ರೀಮ್ (ಬಾಕ್ಸ್‌ನಿಂದ ಪಟ್ಟಿ ತನಕದ ಹರಿವು) ಮುಗೀತದ. ಆಮ್ಯಾಲೆ ಎಷ್ಟು ಟೈಪ್ ಮಾಡಿದ್ರೂ ಬಾಕ್ಸ್ ಮಿಸುಕಂಗಿಲ್ಲ. ಕ್ರ್ಯಾಶ್ ಸುದ್ದಾ ಆಗಂಗಿಲ್ಲ, ಲಾಗ್‌ದಾಗ ಏನೂ ಸಿಗಂಗಿಲ್ಲ.

ರೀಟ್ರೈ (ಸೋತ ರಿಕ್ವೆಸ್ಟ್ ಮತ್ತ ಕಳಿಸೋದು) ಆನ್‌ಎರರ್‌ರಿಟರ್ನ್‌ಗಿಂತ ಮೊದಲು ಬರಬೇಕು. ಹಿಂದ ಹಾಕಿದ್ರ ಅದಕ್ಕ ಎರರ್ ಮುಟ್ಟಂಗೇ ಇಲ್ಲ. 1, 2, 4 ಸೆಕೆಂಡ್ ಬಿಟ್ಟು ಮೂರು ಸಲ ಸಾಕು. 401 (ಲಾಗಿನ್ ಆಗಿಲ್ಲ), 404 (ಕೇಳಿದ್ದು ಸಿಗಲಿಲ್ಲ) ಎರರ್‌ಗೆ ರೀಟ್ರೈ ದಂಡ. ಸರ್ವರ್‌ಗೆ ಹೊಸ ಮಾಹಿತಿ ಕಳಿಸೋ ಪೋಸ್ಟ್ ರಿಕ್ವೆಸ್ಟ್‌ಗಂತೂ ಕಣ್ಣುಮುಚ್ಚಿ ಹಾಕಬ್ಯಾಡ್ರಿ: ಸರ್ವರ್ ಕೆಲಸ ಮುಗಿಸಿ, ಉತ್ತರ ಅಷ್ಟ ದಾರ್ಯಾಗ ಕಳದಿದ್ರ ಒಂದು ಆರ್ಡರ್ ಎರಡು ಆಗ್ತದ.

ಆಫೀಸ್ ವೈಫೈನ್ಯಾಗ ಕೂತು ಟೆಸ್ಟ್ ಮಾಡೋರಿಗೆ ಇದ್ಯಾವುದೂ ಕಾಣಂಗಿಲ್ಲ, ಒಂದು ಕಡ್ಡಿ ಸಿಗ್ನಲ್ ಇರೋ ಊರವರಿಗೇ ಕಾಣ್ತದ. ಅಂದಂಗ, ಸ್ಕ್ರೀನ್ ಬಿಟ್ಟಾಗ, ನಡೆದಿರೋ ರಿಕ್ವೆಸ್ಟ್ ಎಲ್ಲಾ ಒಟ್ಟಿಗೆ ನಿಲ್ಲಿಸೋಕ ಇಟ್ಟಿರೋ ಕಾಂಪೋಸಿಟ್‌ಡಿಸ್ಪೋಸಬಲ್ ಮ್ಯಾಲೆ ಕ್ಲಿಯರ್ ಕರೀರಿ. ಡಿಸ್ಪೋಸ್ ಕರೆದ್ರ, ಅದೇ ಆಬ್ಜೆಕ್ಟ್‌ಗೆ ಮುಂದ ಸೇರಿಸಿದ ರಿಕ್ವೆಸ್ಟ್ ಎಲ್ಲಾ ಅಲ್ಲೇ ರದ್ದು.